ಉಂಬಳಕ್ಕೂ ಹೃದಯದ ಮಾತ್ರೆಗೂ ಒಂದೇ ವಿದ್ಯೆ!

ಆಷಾಢದ ಮಳೆ. ಶಿರಸಿಯ ಅಡಿಕೆ ತೋಟವಿರಲಿ, ಸಿದ್ದಾಪುರದ ಉಂಚಳ್ಳಿ ಜಲಪಾತದ ದಾರಿಯಿರಲಿ, ಯಲ್ಲಾಪುರದ ಸಾತೊಡ್ಡಿಯ ಕಾಡಿರಲಿ, ಕಾಲಿಟ್ಟರೆ ಸಾಕು, ಉಂಬಳ (ನೆಲದ ಜಿಗಣೆ) ಹಾಜರ್! ಸುಣ್ಣ ಮುಟ್ಟಿಸಿದಿರಿ, ಉದುರಿತು. ಆದರೆ ರಕ್ತ? ನಿಲ್ಲುತ್ತಲೇ ಇಲ್ಲ! ಬಚ್ಚಲಿಗೆ ಹೋಗಿ ತೊಳೆದು ಬಂದಿರಿ, ಬಟ್ಟೆ ಒತ್ತಿದಿರಿ, ಊಟಕ್ಕೆ ಕೂತಿರಿ. ನೋಡಿದರೆ ಮಣೆಯ ಪಕ್ಕ ಮತ್ತೆ ಕೆಂಪು!

ಯಾಕೆ? ಊಹಿಸಿ ನೋಡೋಣ.

ಗಾಯ ಆಳವಿರಬೇಕು ಎಂದಿರಾ? ಅಲ್ಲವೇ ಅಲ್ಲ. ಸೊಪ್ಪು ಕೊಯ್ಯುವಾಗ ಕತ್ತಿ ತಾಗಿ ಇದಕ್ಕಿಂತ ದೊಡ್ಡ ಗಾಯವಾದರೂ ಐದಾರು ನಿಮಿಷದಲ್ಲಿ ರಕ್ತ ಕಟ್ಟುತ್ತದೆ.

ಕಟ್ಟುವವರು ಯಾರು? ಡೆಂಗಿ ಬಂದಾಗ ಮಾತ್ರ ನಮಗೆ ನೆನಪಾಗುವ ಪ್ಲೇಟ್‌ಲೆಟ್‌ಗಳು! ನಮ್ಮ ಮೈಯಲ್ಲಿ ಎಷ್ಟಿರಬಹುದು? ಲಕ್ಷ? ಕೋಟಿ? ಇನ್ನೂ ಮೇಲೆ ಹೋಗಿ. ಸುಮಾರು ಒಂದು ಲಕ್ಷ ಕೋಟಿ! ದಿನಾ ಹೊಸದಾಗಿ ಹುಟ್ಟುವುದೇ ಹತ್ತು ಸಾವಿರ ಕೋಟಿಯಷ್ಟು!

ರಕ್ತನಾಳ ಹರಿದ ಕೂಡಲೇ ಗೋಡೆಯೊಳಗಿನ ಕೊಲಾಜನ್ ಎಂಬ ನಾರು ಹೊರಗೆ ಕಾಣುತ್ತದೆ. ಹತ್ತಿರದ ಪ್ಲೇಟ್‌ಲೆಟ್ ಅದಕ್ಕೆ ಅಂಟುತ್ತದೆ. ನುಣುಪಾದ ಬಿಲ್ಲೆಯಂತಿದ್ದ ಅದರ ಮೈಗೆ ಏಕಾಏಕಿ ಮುಳ್ಳು ಮೂಡುತ್ತವೆ! ಜೊತೆಗೆ ಎಡಿಪಿ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ. ತೋಟದ ಈ ತುದಿಯಿಂದ ಆ ತುದಿಗೆ "ಕೂ" ಹಾಕುತ್ತೇವಲ್ಲ, ಹಾಗೆ. ಕೂಗು ಕೇಳಿದವು ಓಡೋಡಿ ಬರುತ್ತವೆ, ತಾವೂ ಕೂಗುತ್ತವೆ.

ಈಗ ಜಿಗಣೆಯ ಜಾಣತನ ನೋಡಿ! ವೈದ್ಯರು ಬಳಸುವ ನೀರಿನ ಜಿಗಣೆಯ ಎಂಜಲಿನಲ್ಲಿ ಕೊಲಾಜನ್ನನ್ನೇ ಮುಚ್ಚಿಬಿಡುವ ಪ್ರೋಟೀನಿದೆ. ಎಡಿಪಿಯನ್ನು ಒಡೆದುಹಾಕುವ ಕಿಣ್ವವೂ ಇದೆ. ಕೂಗು ಕಿವಿಗೆ ಬೀಳುವ ಮೊದಲೇ ಅಡಗಿಹೋಯಿತು! ನೆಲದ ಉಂಬಳವೇನು ಕಮ್ಮಿಯೇ? 1993ರಲ್ಲಿ ಭಾರತದ ಉಂಬಳ ಹೀಮಡಿಪ್ಸಾ ಸಿಲ್ವೆಸ್ಟ್ರಿಸ್‌ನಿಂದ ವಿಜ್ಞಾನಿಗಳು ಹೀಮಡಿನ್ ಎಂಬ ವಸ್ತು ಬೇರ್ಪಡಿಸಿದರು. ಬರೀ 57 ಅಮೈನೋ ಆಮ್ಲಗಳ ಪುಟ್ಟ ಸರ. ಅದು ಹಿಡಿಯುವುದು ಥ್ರಾಂಬಿನ್ನನ್ನು. ರಕ್ತ ಹೆಪ್ಪುಗಟ್ಟಿಸುವುದೂ ಥ್ರಾಂಬಿನ್ನೇ, ಪ್ಲೇಟ್‌ಲೆಟ್‌ಗಳನ್ನು ಜೋರಾಗಿ ಕೆರಳಿಸುವುದೂ ಅದೇ!

ಇನ್ನು ಅಪ್ಪಯ್ಯನ ಹೃದಯದ ಮಾತ್ರೆ ಡಬ್ಬಿ ತೆರೆಯಿರಿ. ಕ್ಲೋಪಿಡೋಗ್ರೆಲ್ ಇದೆಯೇ? ಜಿಗಣೆ ಕೂಗನ್ನು ಅಡಗಿಸಿದರೆ, ಇದು ಪ್ಲೇಟ್‌ಲೆಟ್‌ಗಳ ಕಿವಿಗೇ ಬೆಣೆ ಹೊಡೆಯುತ್ತದೆ!

ಪಕ್ಕದಲ್ಲಿ 75 ಮಿಲಿಗ್ರಾಮಿನ ಆಸ್ಪಿರಿನ್. ಅದು ರಕ್ತದಲ್ಲಿ ಎಷ್ಟು ಹೊತ್ತು ಇರುತ್ತದೆ, ಹೇಳಿ? ಇಡೀ ದಿನ? ಸುಳ್ಳು! 20 ನಿಮಿಷದೊಳಗೆ ಅರ್ಧ ಪಾಲು ಮಾಯ! ಪರಿಣಾಮ ಮಾತ್ರ ವಾರದ ಮೇಲೂ ಉಳಿಯುತ್ತದೆ. ಎಲ್ಲಿದೆ ಗುಟ್ಟು? ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ! ಥ್ರಾಂಬಾಕ್ಸೇನ್ ಎಂಬ ಇನ್ನೊಂದು ಕರೆಯನ್ನು ತಯಾರಿಸುವ ಅದರ ಕಿಣ್ವವನ್ನು ಆಸ್ಪಿರಿನ್ ಕಾಯಂ ಆಗಿ ಕೆಡಿಸುತ್ತದೆ. ಹೊಸದನ್ನು ಮಾಡಿಕೊಳ್ಳುವ ದಾರಿಯಿಲ್ಲ. ಬದುಕಿರುವ 7ರಿಂದ 10 ದಿನವೂ ಆ ಪ್ಲೇಟ್‌ಲೆಟ್‌ಗೆ ಆ ಕರೆ ಹೊರಡಿಸಲಾಗದು!

ರಕ್ತನಾಳದ ಗೋಡೆಗೂ ಇದೇ ಗತಿಯೇ? ಇಲ್ಲ! ಅಲ್ಲಿನ ಜೀವಕೋಶಕ್ಕೆ ಕೇಂದ್ರವಿದೆ. ಕೆಲವೇ ಗಂಟೆಗಳಲ್ಲಿ ಹೊಸ ಕಿಣ್ವ ಸಿದ್ಧ. ಅದರ ನೆರವಿನಿಂದ ಆ ಗೋಡೆ ಪ್ರೊಸ್ಟಾಸೈಕ್ಲಿನ್ ಎಂಬ ತನ್ನದೇ ಮದ್ದು ತಯಾರಿಸುತ್ತದೆ. ನಾಳವನ್ನು ಹಿಗ್ಗಿಸಿ ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುತ್ತದೆ. ಸಣ್ಣ ಡೋಸು ಏಕೆಂದು ಈಗ ಹೊಳೆಯಿತೇ? ಪ್ಲೇಟ್‌ಲೆಟ್‌ಗೆ ಪೆಟ್ಟು, ಗೋಡೆಗೆ ರಿಯಾಯಿತಿ!

ಆಸ್ಪಿರಿನ್ ಇಂಥ ವಸ್ತುಗಳ ತಯಾರಿಕೆಯನ್ನೇ ತಡೆಯುತ್ತದೆ ಎಂದು ತೋರಿಸಿದ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಂತು. ನನಗೆ ಹೆಚ್ಚು ಇಷ್ಟ ಅಮೆರಿಕದ ಸಾಮಾನ್ಯ ಡಾಕ್ಟರ್ ಲಾರೆನ್ಸ್ ಕ್ರೇವನ್. ಟಾನ್ಸಿಲ್ ಆಪರೇಷನ್ ಆದವರು ಆಸ್ಪಿರಿನ್ ಬೆರೆಸಿದ ಚೂಯಿಂಗ್ ಗಮ್ ಅಗಿದಾಗ ರಕ್ತ ಜಾಸ್ತಿ ಸೋರುವುದನ್ನು ಗಮನಿಸಿ, ಹಾಗಾದರೆ ರಕ್ತ ಹೆಪ್ಪುಗಟ್ಟಿ ಆಗುವ ಹೃದಯಾಘಾತ ತಡೆಯಬಹುದಲ್ಲ ಎಂದು ಯೋಚಿಸಿದ. ಅವನು ಅದನ್ನು ಬರೆದದ್ದು 1950ರಲ್ಲಿ, ವೇನ್‌ನ ಶೋಧಕ್ಕಿಂತ ಎರಡು ದಶಕ ಮೊದಲು!

ಇನ್ನೂ ಒಂದು ಬಾಕಿ. ಗರಗಸ ಮಂಡಲದ ಹಾವು ಗೊತ್ತಲ್ಲ? ಪ್ಲೇಟ್‌ಲೆಟ್‌ಗಳು ಪರಸ್ಪರ ಕೈಹಿಡಿಯದಂತೆ ತಡೆಯುವ ಅದರ ವಿಷದ ಪ್ರೋಟೀನನ್ನು ಮಾದರಿಯಾಗಿಟ್ಟು ಟಿರೋಫಿಬಾನ್ ರೂಪಿಸಿದರು. ಹೃದಯಾಘಾತವಾದ ಕೆಲವರಿಗೆ ಇವತ್ತು ಅದನ್ನು ಡ್ರಿಪ್ಪಿನಲ್ಲಿ ಕೊಡುತ್ತಾರೆ!

ಮನೆಯಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ತಿನ್ನುವವರಿದ್ದರೆ, ಉಂಬಳ ಕಚ್ಚಿದಾಗ ರಕ್ತ ಇನ್ನೂ ತುಸು ಹೊತ್ತು ಸೋರೀತು. ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಹಲ್ಲು ಕೀಳಿಸುವ ಮುನ್ನ ಮಾತ್ರೆಯ ಹೆಸರು ಹೇಳಿ. ಸ್ಟೆಂಟ್ ಹಾಕಿಸಿಕೊಂಡವರಂತೂ ಡಾಕ್ಟರನ್ನು ಕೇಳದೆ ಒಂದು ದಿನವೂ ಮಾತ್ರೆ ತಪ್ಪಿಸಬೇಡಿ.