ನೈಲ್ ತೀರದ ಎಸೆಗೋಲು

ಮಾವಿನಕಾಯಿ ಕೆಡಹುವ ವಿದ್ಯೆಯನ್ನು ಮಳಗಿಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಲು ಗುರಿ ತಪ್ಪಿತೆಂದರೆ ತಪ್ಪಿದಂತೆಯೇ. ಮೊಳದುದ್ದದ ಬಡಿಗೆಯಾದರೋ ಗರಗರನೆ ತಿರುಗುತ್ತ ಹೋಗಿ, ಒಂದು ತುದಿ ತಪ್ಪಿದರೆ ಇನ್ನೊಂದು ತುದಿಯಿಂದಾದರೂ ಗೊಂಚಲನ್ನು ತಾಗುತ್ತದೆ. ತುಸು ಬಾಗಿದ ಬಡಿಗೆಯೇ ಮೇಲೆಂಬುದನ್ನೂ ನಾವು ಬಾಲ್ಯದಲ್ಲಿ ಕಂಡುಕೊಂಡಿದ್ದೆವು. ಈ ವಿದ್ಯೆಗೆ ಐದು ಸಾವಿರ ವರ್ಷಗಳ ವಂಶಾವಳಿಯಿದೆ ಎಂದು ನನಗೆ ತೋರಿದುದು ಬಹಳ ತಡವಾಗಿ, ಒಂದು ಹಳೆಯ ಚಿತ್ರದ ಪ್ರತಿಯನ್ನು ನೋಡಿದಾಗ.

ಕ್ರಿ.ಪೂ. 1350ರ ಸುಮಾರಿಗೆ ಈಜಿಪ್ಟಿನ ಥೀಬ್ಸ್ ನಗರದಲ್ಲಿ ನೆಬಾಮುನ್ ಎಂಬ ಕರಣಿಕನಿದ್ದನು. ಅಮುನ್ ದೇವಾಲಯದ ಧಾನ್ಯದ ಲೆಕ್ಕ ಅವನದು. ಅವನ ಸಮಾಧಿಯ ಗೋಡೆಯ ಚಿತ್ರ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಜೊಂಡಿನ ನಡುವೆ ಪುಟ್ಟ ದೋಣಿಯ ಮೇಲೆ ಅವನು ನಿಂತಿದ್ದಾನೆ. ಒಂದು ಕೈಯಲ್ಲಿ ಮೂರು ಬಕಗಳು. ಮೇಲೆತ್ತಿದ ಇನ್ನೊಂದು ಕೈಯಲ್ಲಿ ಹಾವಿನಂತೆ ಬಳುಕಿದ ಎಸೆಗೋಲು. ಜತೆಯಲ್ಲಿ ಮಡದಿ, ಮಗಳು. ಹಕ್ಕಿಗಳ ಮೇಲೆ ಹಾರಿರುವ ಒಂದು ಬೆಕ್ಕು. ಚಿತ್ರ ನೋಡುತ್ತಿದ್ದಂತೆ ನನ್ನ ಭುಜ ತಾನಾಗಿಯೇ ಹಿಂದಕ್ಕೆ ಸರಿಯಿತು. ಆ ನಿಲುವು ನನಗೆ ಗೊತ್ತಿತ್ತು.

ಈಜಿಪ್ಟಿನಲ್ಲಿ ಈ ಕೋಲು ಅರಸರಿಗಿಂತಲೂ ಹಳೆಯದು ಎನ್ನಬೇಕು. ರಾಜವಂಶಗಳು ತಲೆಯೆತ್ತುವ ಮೊದಲಿನ ಒಂದು ಶಿಲಾಫಲಕದಲ್ಲಿಯೇ ಬೇಟೆಗಾರರು ಅದನ್ನು ಹಿಡಿದು ಸಾಲಾಗಿ ನಡೆದಿದ್ದಾರೆ. ಬೂಮರಾಂಗ್ ಎಂದೊಡನೆ ಎಸೆದವನ ಕೈಗೆ ಮರಳುವ ಕೋಲು ನಮ್ಮ ಕಣ್ಣಿಗೆ ಕಟ್ಟುತ್ತದೆ. ಬೇಟೆಯ ಕೋಲಿಗಾದರೋ ಮರಳಿ ಬರುವ ಹಂಗಿಲ್ಲ, ತಾಗಿದರೆ ಸಾಕು. ಜೊಂಡಿನಿಂದ ಒಮ್ಮೆಲೇ ಏಳುವ ಹಕ್ಕಿಗಳ ಹಿಂಡಿಗೆ ಬಾಣದ ಮೊನೆಗಿಂತ ಅಗಲವಾಗಿ ಸುತ್ತುವ ಕೋಲೇ ಸರಿಯಾದ ಉತ್ತರ. 1922ರಲ್ಲಿ ಹೊವರ್ಡ್ ಕಾರ್ಟರನು ಕಂಡುಹಿಡಿದ ತುತಾಂಖಾಮುನನ ಸಮಾಧಿಯಲ್ಲಿ ಇಂಥ ಕೋಲುಗಳು ಹಲವು ದೊರೆತವು. ಅಖೆನಾತನ್ ಎಂಬ ದೊರೆಯ ಹೆಸರು ಹೊತ್ತ ಇನ್ನೊಂದಂತೂ ನೀಲಿ ಹೊಳಪಿನ ಪಿಂಗಾಣಿಯಂಥ ವಸ್ತುವಿನದು. ಎಸೆದರೆ ಚೂರಾಗುವ ಆ ಕೋಲು ಈ ಲೋಕದ ಹಕ್ಕಿಗಾಗಿ ಮಾಡಿದುದಲ್ಲ.

ಅವರ ಭಾಷೆಯಲ್ಲಿ ಎಸೆಯುವುದಕ್ಕೂ ಸೃಷ್ಟಿಸುವುದಕ್ಕೂ ‘ಕೆಮಾ’ ಎಂಬ ಒಂದೇ ಉಚ್ಚಾರ. ಅದನ್ನು ಬರೆಯಲು ಎಸೆಗೋಲಿನ ಚಿತ್ರವನ್ನೇ ಬಳಸುತ್ತಿದ್ದರು. ಸಮಾಧಿಯ ಗೋಡೆಯ ಬೇಟೆ ಬರಿಯ ವಿನೋದವಲ್ಲ, ಸತ್ತವನ ಮರುಹುಟ್ಟಿನ ಹಾರೈಕೆಯೂ ಹೌದೆಂದು ವಿದ್ವಾಂಸರು ಹೇಳುವುದಕ್ಕೆ ಇದೂ ಒಂದು ಆಧಾರ.

ಆದರೆ ಅದೇ ಲಿಪಿಯಲ್ಲಿ ಅದೇ ಕೋಲಿಗೆ ಇನ್ನೊಂದು ಕೆಲಸವಿತ್ತು. ಪಶ್ಚಿಮದ ಲಿಬಿಯದವರು, ಪೂರ್ವದ ಏಷ್ಯದವರು ಇವರ ಹೆಸರುಗಳ ಜತೆಗೆ ಆ ಕೋಲನ್ನು ಬರೆಯುತ್ತಿದ್ದರು. ಅದನ್ನು ಕಂಡವನು ‘ಇವನು ಹೊರಗಿನವನು’ ಎಂದು ತಿಳಿಯಬೇಕು. ಕರಣಿಕನಾದ ನೆಬಾಮುನ್ ಈ ಚಿಹ್ನೆಯನ್ನು ಅರಿಯದವನಲ್ಲ. ಆದರೂ ತನ್ನ ಸಮಾಧಿಯಲ್ಲಿ ಅದೇ ಕೋಲನ್ನು ಹೆಮ್ಮೆಯಿಂದ ಎತ್ತಿ ಹಿಡಿದನು. ತನ್ನ ಕೈಯಲ್ಲಿದ್ದರೆ ಸಿರಿ, ಪರರ ಕೈಯಲ್ಲಿದ್ದರೆ ಪರಕೀಯತೆ!

ಹತ್ತೊಂಬತ್ತನೆಯ ಶತಮಾನದ ಪಂಡಿತರು ಇದರ ವಿರುದ್ಧ ದಿಕ್ಕಿಗೆ ಎಡವಿದರು. ಆಸ್ಟ್ರೇಲಿಯದ ಮೂಲನಿವಾಸಿಗಳು, ದಕ್ಷಿಣ ಭಾರತದ ಜನ, ಪ್ರಾಚೀನ ಈಜಿಪ್ಷಿಯನ್ನರು ಒಂದೇ ಬುಡದ ಕವಲುಗಳೆಂದು ಇಂಗ್ಲೆಂಡಿನ ಹಕ್ಸ್‌ಲಿ ಊಹಿಸಿದನು. ಮುಂದೆ ಪಿಟ್ ರಿವರ್ಸ್ ಎಂದು ಹೆಸರಾದ ಲೇನ್ ಫಾಕ್ಸ್ ಆ ಊಹೆಗೆ ಬೂಮರಾಂಗನ್ನು ಊರುಗೋಲಾಗಿ ಕೊಟ್ಟನು. ಈಜಿಪ್ಟಿನ ಕೋಲೊಂದರ ಪ್ರತಿರೂಪ ಮಾಡಿಸಿ ತಾನೇ ಎಸೆದು ನೋಡಿದ ಶ್ರದ್ಧಾವಂತನಾತ. ತಮಿಳುನಾಡಿನ ವಳರಿ, ಗುಜರಾತಿನ ಕೋಳಿಗಳ ಎಸೆಗೋಲು ನಮ್ಮ ದೇಶದಲ್ಲಿ ಇದ್ದುದೂ ನಿಜವೇ. ಆದರೆ ಅಮೆರಿಕದ ಹೋಪಿ ಜನರೂ ಬಾಗಿದ ಕೋಲೆಸೆದು ಮೊಲ ಹೊಡೆಯುತ್ತಿದ್ದರು; ಪೋಲೆಂಡಿನ ಗುಹೆಯೊಂದರಲ್ಲಿ ಹಿಮಯುಗದವರು ಮ್ಯಾಮತ್ ಆನೆಯ ದಂತದಿಂದ ಮಾಡಿದ ಎಸೆಗೋಲು ಸಿಕ್ಕಿದೆ. ಇವರನ್ನೆಲ್ಲ ಯಾವ ಬುಡಕ್ಕೆ ಕಟ್ಟುವುದು? ಬಾಗಿದ ಕೊಂಬೆ, ಬೀಸುವ ತೋಳು, ಹಸಿದ ಹೊಟ್ಟೆ, ಈ ಮೂರು ಕೂಡಿದಲ್ಲೆಲ್ಲ ಎಸೆಗೋಲು ಹುಟ್ಟೀತು.

ಆದ್ದರಿಂದ ಮೊದಲು ಆಡಿದ ‘ವಂಶಾವಳಿ’ ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕು. ನೆಬಾಮುನ್ ನನ್ನ ಪೂರ್ವಜನಲ್ಲ. ಆದರೂ ಅವನ ತೋಳಿನ ಬೀಸು ನನಗೆ ಅಪರಿಚಿತವಲ್ಲ. ಪರಕೀಯರೆಂದು ಬರೆಯಲು ಒಂದು ಕೋಲು ಸಾಕೆಂದು ನಂಬಿದವರಿಗೂ, ಬಂಧುಗಳೆಂದು ಸಾಧಿಸಲು ಒಂದು ಕೋಲು ಸಾಕೆಂದು ನಂಬಿದವರಿಗೂ ಈ ಸರಳ ಪರಿಚಯ ಸಾಲದೇ ಹೋಯಿತು.

ಇದು ನಮಗೆ ದೂರದ ಮಾತಲ್ಲ. ಪೋರ್ಚುಗೀಸರು ಆಫ್ರಿಕದಿಂದ ದಾಸರಾಗಿ ತಂದವರ ಸಂತತಿಯಾದ ಸಿದ್ದಿಗಳು ಈ ಸೀಮೆಯ ಕಾಡಿನಂಚಿನಲ್ಲಿ ತಲೆಮಾರುಗಳಿಂದ ಬಾಳಿದ್ದಾರೆ. ನೆಲೆ ಕಳೆದುಕೊಂಡ ಟಿಬೆಟಿನವರಿಗೆ 1966ರಲ್ಲಿ ನಮ್ಮ ಮುಂಡಗೋಡವೇ ನೆಲೆ ಕೊಟ್ಟಿತು. ಅವರ ಹೆಸರಿನ ಮುಂದೆಯೂ ನಮ್ಮ ಮನಸ್ಸು ಎಷ್ಟೋ ಸಲ ಕಾಣದ ಕೋಲೊಂದನ್ನು ಬರೆಯುತ್ತದೆ. ಮಾವಿನ ಮರದ ಕೆಳಗೆ ನಿಂತು ಗೊಂಚಲಿನತ್ತ ತೋಳೆತ್ತಿದ ಹುಡುಗನನ್ನು ಕಂಡಾಗ ಮಾತ್ರ ಅವನು ಯಾರ ಮಗನೆಂದು ಕೇಳಲು ನನಗೆ ತೋಚುವುದಿಲ್ಲ. ಬಡಿಗೆ ತಾಗಲಿ ಎಂದಷ್ಟೇ ಹಾರೈಸುತ್ತೇನೆ.