ಅಂಚಿನಲ್ಲಿರುವ ಹೆಸರು ಓದಿದ್ದೀರಾ?

ಮಿರಜದಲ್ಲಿ ರೈಲು ಹತ್ತಿ ಬೆಳಗಾವಿಯಲ್ಲಿ ಇಳಿದರೆ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ. ಸಾಂಗ್ಲಿ ಸೀಮೆಯ ರೈತರ ಮಕ್ಕಳು ತಲೆಮಾರುಗಳಿಂದ ಸೇನೆ ಸೇರಲು ಹಿಡಿದ ದಾರಿ ಇದು.

ಹಾಗೆ ಸೇರಿದ ಎಲ್ಲರಿಗೂ ಶೌರ್ಯಪದಕ ಸಿಗದು. ನಿಯತ್ತಾಗಿ ವರ್ಷ ತುಂಬಿಸಿದವರಿಗೆ ಇರುವುದು ದೀರ್ಘಸೇವಾ ಪದಕ: 9, 20, 30 ವರ್ಷಕ್ಕೆ ಒಂದೊಂದು. ಬ್ರಿಟಿಷರ ಕಾಲದ ಭಾರತೀಯ ಸಿಪಾಯಿಗಳಿಗೆ ಇಂಥ ಬೆಳ್ಳಿ ಪದಕ ಶುರುವಾದದ್ದು 1888ರಲ್ಲಿ.

ಜರ್ಮನಿ ಇದರಲ್ಲಿ ಇನ್ನೂ ಹಳಬ. ಪ್ರಷ್ಯಾದ ದೊರೆ 3ನೆಯ ಫ್ರೆಡ್ರಿಕ್ ವಿಲ್ಹೆಲ್ಮ್ 1825ರಲ್ಲೇ 9, 15, 21 ವರ್ಷ ದುಡಿದ ಸೈನಿಕರ ಎದೆಗೆ ಲೋಹದ ಪಟ್ಟಿ ತೊಡಿಸಿದ. 1936ರಲ್ಲಿ ಹಿಟ್ಲರ್ ಸರಕಾರ 4, 12, 18, 25 ವರ್ಷಗಳ ಹೊಸ ಪದಕ ತಂದಿತು. ಪದಕ ಸಂಗ್ರಹಕಾರರಿಗೆ ತಲೆನೋವು ಶುರುವಾಗುವುದು ಇಲ್ಲೇ. ಈ ಜರ್ಮನ್ ಪದಕಗಳ ಮೇಲೆ ಪಡೆದವನ ಹೆಸರೇ ಇರುವುದಿಲ್ಲ! ಜತೆಗಿನ ಪ್ರಮಾಣಪತ್ರ ಕಳೆದರೆ ಅದು ಯಾರದೋ, ಏನೋ. ನಕಲಿಗಳ ಕಾಟ ಬೇರೆ.

ನಮ್ಮ ಪದಕ ಹಾಗಲ್ಲ. ಅಂಚು ತಿರುಗಿಸಿ ನೋಡಿ: ನಂಬರು, ಹುದ್ದೆ, ಹೆಸರು, ಪಲ್ಟನ್. ಸಂಗ್ರಹಕಾರ ಬೆಲೆ ಕಟ್ಟುವುದು ಬೆಳ್ಳಿಗಲ್ಲ, ಆ ಒಂದು ಸಾಲಿಗೆ.

ಅಜ್ಜನ ಟ್ರಂಕಿನಲ್ಲಿ ಇಂಥದ್ದು ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಮೊದಲು ಅಂಚಿನ ಬರಹವನ್ನು ಬರೆದಿಟ್ಟುಕೊಳ್ಳಿ.