ಮುಟ್ಟದೆ ಅಳೆಯುವ ಕಾಂತ ಸಂವೇದಕ

ವಿದ್ಯುತ್ ಹರಿಯುವ ಪ್ರತಿ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಪ್ರವಾಹ ಹೆಚ್ಚಿದಷ್ಟೂ ಅದು ಬಲಗೊಳ್ಳುತ್ತದೆ. ತಂತಿಯನ್ನು ಕತ್ತರಿಸದೆ ಪ್ರವಾಹ ಅಳೆಯುವ ವಿದ್ಯೆಯ ಮೂಲ ಇದೇ. ಹಂಪಿ ಬಳಿಯ ಕಡ್ಡಿರಾಂಪುರದಂಥ ಊರಿನ ಪಂಪ್‌ಸೆಟ್‌ಗೆ ವೈರ್‌ಮನ್ ಹಿಡಿಯುವ, ಇಕ್ಕಳದಂಥ ಬಾಯಿಯ ಟಾಂಗ್ ಟೆಸ್ಟರ್ ಕೆಲಸ ಮಾಡುವುದೂ ಹೀಗೆಯೇ. ಅದರ ಬಾಯಿಗೆ ಒಂದೇ ತಂತಿ ಸಿಗಬೇಕು. ಮೂರೂ ಫೇಸ್ ಒಟ್ಟಿಗೆ ಸಿಕ್ಕರೆ ಕ್ಷೇತ್ರಗಳು ಪರಸ್ಪರ ರದ್ದಾಗಿ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ.

ದೊಡ್ಡ ವಿದ್ಯುದಾಗಾರಗಳಲ್ಲೂ ಇದೇ ಉಪಾಯ. ತುಂಗಭದ್ರಾ ಅಣೆಕಟ್ಟಿನ ಬಲದಂಡೆಯ ವಿದ್ಯುದಾಗಾರ ಮತ್ತು ಕಾಲುವೆ ನೀರಿನ ಹಂಪಿ ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ 72 ಮೆಗಾವಾಟ್. ಒಂದೊಂದು ಘಟಕದ್ದು 9 ಮೆಗಾವಾಟ್. ಒಂದು ಘಟಕದ ವಿದ್ಯುತ್ತನ್ನು 11 ಕಿಲೋವೋಲ್ಟ್‌ನಲ್ಲಿ ಸಾಗಿಸಿದರೆ ಪ್ರತಿ ಫೇಸ್‌ನಲ್ಲಿ ಸುಮಾರು 500 ಆಂಪಿಯರ್ ಹರಿಯುತ್ತದೆ. ಮೀಟರಿಗೆ ಅದನ್ನು ನೇರ ಕೊಡಲಾಗದು. ತಂತಿಯ ಸುತ್ತಲ ಕಬ್ಬಿಣದ ಬಳೆಗೆ 500 ಸುತ್ತು ಸುತ್ತಿದ ಕರೆಂಟ್ ಟ್ರಾನ್ಸ್‌ಫಾರ್ಮರ್ ಅದನ್ನು 1 ಆಂಪಿಯರ್‌ಗೆ ಇಳಿಸುತ್ತದೆ. ಶಾರ್ಟ್ ಸರ್ಕ್ಯೂಟ್ ಆದಾಗ ಈ ಸೂಚನೆ ನೋಡಿಯೇ ರಿಲೇ ಬ್ರೇಕರ್ ಬೀಳಿಸುತ್ತದೆ.

ಆದರೆ ಪ್ರವಾಹ ಅತಿಯಾದರೆ ಬಳೆಯ ಕಬ್ಬಿಣ ಕಾಂತತ್ವ ತುಂಬಿ ತಪ್ಪು ತೋರಿಸುತ್ತದೆ. ಸೌರಫಲಕದ ಏಕಮುಖ ವಿದ್ಯುತ್ತಂತೂ ಅದಕ್ಕೆ ಕಾಣುವುದೇ ಇಲ್ಲ. 1879ರಲ್ಲಿ ಭೌತವಿಜ್ಞಾನಿ ಎಡ್ವಿನ್ ಹಾಲ್ ಕಂಡ ಪರಿಣಾಮ ಆಧರಿಸಿದ ಚಿಪ್‌ಗಳು ಏಕಮುಖ, ಪರ್ಯಾಯ ಎರಡೂ ಬಗೆಯ ಪ್ರವಾಹವನ್ನು ಅಳೆಯುತ್ತವೆ. ಬಿಸಿಲಿನ ತಾಪ, ಪಕ್ಕದ ತಂತಿಯ ಕ್ಷೇತ್ರ ಈ ಚಿಪ್‌ಗಳಿಗೆ ತೊಡಕು. ತಂತಿಯ ಸುತ್ತ ಹಲವು ಚಿಪ್ ಜೋಡಿಸಿ, ಲೆಕ್ಕದಿಂದ ಆ ದೋಷ ಕಳೆಯುವುದು ಈಗಿನ ಸಂಶೋಧನೆಯ ಒಂದು ದಾರಿ.